ಧನ್ಯವಾದದ ನಂತರದ್ದು ಬೇಡ

ಪ್ರೊಫೆಸರ ಬಾಯಿಂದ ‘ಧನ್ಯವಾದ’ ಅನ್ನುವ ಮಾತು ಬಿದ್ದ ಕೂಡಲೇ ಅಕ್ಕ ಪೆಡಲಿನಿಂದ ಕಾಲೆತ್ತಿಬಿಡುತ್ತಿದ್ದಳು. ಅದು ನಿಯಮ. ಅವಳ ಮೇಜಿನ ಕೆಳಗೆ ಹೊಲಿಗೆ ಯಂತ್ರಕ್ಕಿರುವಂಥ ಒಂದು ಪುಟ್ಟ ಪೆಡಲಿತ್ತು. ಒತ್ತಿದರೆ ಹೆಡ್‌ಫೋನಿನಲ್ಲಿ ಧ್ವನಿಮುದ್ರಿಸಿದ ಮಾತು ಓಡುತ್ತಿತ್ತು, ಕಾಲೆತ್ತಿದರೆ ನಿಲ್ಲುತ್ತಿತ್ತು. ಕೇಳಿದ್ದನ್ನು ಕೈಗಳು ಟೈಪು ಮಾಡುತ್ತಿದ್ದವು. ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದ ಮೂರನೇ ಮಹಡಿಯಲ್ಲಿ, ಕಡತದ ಬೀರುಗಳ ನಡುವೆ ಉಳಿದ ಸಂದಿಯಲ್ಲಿ ಕೂತು ಹದಿನಾಲ್ಕು ವರ್ಷದಿಂದ ಅವಳು ಮಾಡುತ್ತ ಬಂದದ್ದು ಇಷ್ಟೇ: ಯಾರ್ಯಾರೋ ದೆವ್ವ, ಮಾಟ, ದೃಷ್ಟಿ ಎಂದು ಹೇಳಿದ್ದನ್ನು ಪ್ರೊಫೆಸರು ರೆಕಾರ್ಡರಿನಲ್ಲಿ ತುಂಬಿಕೊಂಡು ಬರುವುದು, ಇವಳು ಅದನ್ನು ಕಾಗದಕ್ಕಿಳಿಸುವುದು.

ಗೋಡೆಗೆ ಅಂಟಿಸಿದ ರಟ್ಟಿನ ಮೇಲೆ ಪ್ರೊಫೆಸರ ದುಂಡಕ್ಷರದಲ್ಲಿ ಸೂಚನೆಗಳಿದ್ದವು. ಮಾತನ್ನು ತಿದ್ದಬಾರದು. ಕೆಮ್ಮು, ನಗು, ಮೌನ ಎಲ್ಲವನ್ನೂ ಗುರುತಿಸಬೇಕು. ಧನ್ಯವಾದದ ನಂತರದ್ದು ಬೇಡ.

ಧನ್ಯವಾದದ ನಂತರವೂ ಯಂತ್ರ ಓಡುತ್ತಿದ್ದುದಕ್ಕೆ ಕಾರಣ ಪ್ರೊಫೆಸರ ಮರ್ಯಾದೆ. ಮಾತಾಡಿದವರ ಎದುರೇ ಗುಂಡಿ ಒತ್ತಿ ಆರಿಸಿದರೆ ‘ನಿಮ್ಮಿಂದ ನಮ್ಮ ಕೆಲಸ ಆಯಿತು, ಇನ್ನು ಹೊರಡಿ’ ಅಂದ ಹಾಗಾಗುತ್ತದಂತೆ. ಆದ್ದರಿಂದ ಅವರು ಧನ್ಯವಾದ ಹೇಳಿ, ಎದ್ದು ಹೋಗಿ ಕೈ ತೊಳೆದು, ಬಂದು ಚಹಾ ಕುಡಿದು, ಬೀದಿಗೆ ಬಿದ್ದ ಮೇಲೆಯೇ ಆರಿಸುತ್ತಿದ್ದರು. ಆ ಹದಿನೈದು ಇಪ್ಪತ್ತು ನಿಮಿಷ ಬರೀ ಲೋಟದ ಸದ್ದು, ಕುರ್ಚಿ ಎಳೆದ ಸದ್ದು, ಹರಟೆ. ಅದು ದತ್ತಾಂಶ ಅಲ್ಲ ಎಂದು ಅವರು ತೀರ್ಮಾನ ಕೊಟ್ಟಿದ್ದರು. ಮರ್ಯಾದೆಗಾಗಿ ತುಂಬಿಕೊಳ್ಳುವುದು, ಆಮೇಲೆ ಕಸಕ್ಕೆ ಸುರಿಯುವುದು. ಇಂಥ ವಿದ್ಯೆ ಅವರಿಗೇ ಒಲಿಯಬೇಕು.

ಅಕ್ಕನಿಗೆ ಈ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಕೆಟ್ಟವರೆಂದಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈದು ಹಗುರಾಗಬಹುದಿತ್ತು. ಇವರು ಯಾರ ಮುಂದೆಯೂ ತಲೆ ಒಂದಿಷ್ಟು ಓರೆ ಮಾಡಿ ‘ಹ್ಞೂಂ… ಆಮೇಲೆ?’ ಅನ್ನುವವರು. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ ಕೂತು, ಆಮೇಲೆ ಏಳಲಾರದೆ ಇಬ್ಬರಿಂದ ಎತ್ತಿಸಿಕೊಳ್ಳುವವರು. ‘ನಂಬಿಕೆ ನಿಜವೋ ಸುಳ್ಳೋ ಅನ್ನುವುದು ನಮ್ಮ ಪ್ರಶ್ನೆಯಲ್ಲ, ಅದರ ಅರ್ಥ ಏನು ಅನ್ನುವುದಷ್ಟೇ ನಮ್ಮ ಪ್ರಶ್ನೆ’ ಎಂದು ವರ್ಷಕ್ಕೊಮ್ಮೆ ಹೊಸ ವಿದ್ಯಾರ್ಥಿಗಳ ಮುಂದೆ ಕಣ್ಣು ಅರೆಮುಚ್ಚಿ ಹೇಳುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಎತ್ತು ಈಯುವುದರ ಅರ್ಥವೇನು ಎಂದು ನಾನೂರು ಪುಟ ಬರೆದವರು ಇವರೊಬ್ಬರೇ.

ಹಾಗೆಂದು ದೆವ್ವ ಕಂಡವರ ಮೇಲೆ ಅವಳಿಗೆ ಕನಿಕರವಿತ್ತೇ ಅಂದರೆ, ಅದೂ ಇರಲಿಲ್ಲ. ಹದಿನಾಲ್ಕು ವರ್ಷ ಕಿವಿಯಲ್ಲಿ ಅದನ್ನೇ ಸುರಿಸಿಕೊಂಡರೆ ಯಾರಿಗಾದರೂ ಅಷ್ಟೇ. ಹೇಳುವವರು ಮೂರ್ಖರು, ಕೇಳುವವರು ಅವರಿಗಿಂತ ದೊಡ್ಡ ಮೂರ್ಖರು, ನಡುವೆ ತಲೆ ನೆಟ್ಟಗಿರುವವಳು ತಾನೊಬ್ಬಳೇ ಎಂದು ಅಕ್ಕ ನಂಬಿದ್ದಳು. ಆ ನಂಬಿಕೆಯ ಅರ್ಥವೇನು ಎಂದು ಯಾವ ಪ್ರೊಫೆಸರೂ ಬಂದು ಕೇಳಲಿಲ್ಲ.

ಕಾರ್ಖಾನೆಯ ಕತೆ ಶುರುವಾದದ್ದು ಅವಳ ಬಾಯಿಂದಲೇ. ಅವಳ ತಂಗಿ ಚಪ್ಪಲಿ ಕಾರ್ಖಾನೆಯ ಅಂಟಿನ ಕೋಣೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಹನ್ನೊಂದು ಜನ ಹೆಂಗಸರು ಉದ್ದ ಮೇಜಿನ ಎರಡೂ ಕಡೆ ಕೂತು, ಬ್ರಷ್ಷಿನಿಂದ ಅಟ್ಟೆಗಳಿಗೆ ಅಂಟು ಬಳಿದು, ಮೇಲಿನ ಚರ್ಮಕ್ಕೆ ಒತ್ತಿ ಮುಂದಕ್ಕೆ ತಳ್ಳುತ್ತಿದ್ದರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ತಮಾಷೆಗೆ ಹೇಳಿದಳು: “ನಮ್ಮ ತಂಗಿ ಕಾರ್ಖಾನೇಲಿ ಒಂದು ದೆವ್ವ ಇದೆಯಂತೆ ಸಾರ್. ಮೇಜಿನ ಕೆಳಗೆ ಕೂತ್ಕೊಂಡು ಎಲ್ರ ಪಾದ ಹಿಡಿಯುತ್ತಂತೆ. ಕೆಲಸ ತಪ್ಪಿಸ್ಕೊಳ್ಳೋಕೆ ಏನೇನು ಹುಡುಕ್ತಾರೆ ನೋಡಿ.”

ಪ್ರೊಫೆಸರು ಚಮಚ ಕೆಳಗಿಟ್ಟರು. “ಏನು ಕಾರ್ಖಾನೆ ಅಂದ್ರಿ?”

“ಚಪ್ಪಲಿ, ಬೂಟು.”

“ಪಾದರಕ್ಷೆ ಮಾಡುವವರ ಪಾದವನ್ನೇ!” ಅಂದು ಅವರು ಕಣ್ಣು ಮುಚ್ಚಿಕೊಂಡರು. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಮಗುವಿನ ಮುಖ ಅದು. “ಎಂಥ ಪ್ರತೀಕ! ಲೋಕದ ಕಾಲಿಗೆಲ್ಲ ರಕ್ಷೆ ಕೊಡ್ತಾರೆ, ಅವರ ಕಾಲಿಗೆ ರಕ್ಷೆ ಇಲ್ಲ. ನೋಡಿ, ಅವರು ಎಷ್ಟು ಆಳವಾಗಿ ಯೋಚಿಸ್ತಾರೆ!”

ಆ ಹೆಂಗಸರು ಆಳವಾಗಿ ಯೋಚಿಸುವುದು ಮನೆಗೆ ಹೋಗುವ ಬಸ್ಸಿನ ಬಗ್ಗೆ ಎಂದು ಅಕ್ಕನಿಗೆ ಗೊತ್ತಿತ್ತು. ಮೂಗು ಮುರಿದು ಟೈಪಿಗೆ ಕೂತಳು. ಒಂದೇ ವಾರದಲ್ಲಿ ಕಾರ್ಖಾನೆಯ ಮಾಲೀಕನಿಂದ ಅನುಮತಿ ಬಂತು. ಯಾಕೆ ಬರುವುದಿಲ್ಲ? ಬಂದವರು ಗೋಡೆ ನೋಡುವವರಲ್ಲ, ಅಂಟಿನ ಡ್ರಮ್ಮು ನೋಡುವವರಲ್ಲ, ದೆವ್ವ ನೋಡುವವರು. ಅವನು ಉಗ್ರಾಣದಲ್ಲಿ ಜಾಗ ಮಾಡಿಸಿದ, ಚಹಾವನ್ನೂ ಕಳಿಸಿದ.

ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ಅಮ್ಮ ತೀರಿಹೋದಾಗ ತಂಗಿಗೆ ಒಂಬತ್ತು ವರ್ಷ. ಜಡೆ ಹಾಕಿ ಶಾಲೆಗೆ ಕಳಿಸಿದವಳು, ಜ್ವರಕ್ಕೆ ಹಣೆಗೆ ಒದ್ದೆ ಬಟ್ಟೆ ಹಾಕಿದವಳು, ತಪ್ಪಿಗೆ ಕಿವಿ ಹಿಂಡಿದವಳು ಎಲ್ಲ ಅಕ್ಕನೇ. ಆದ್ದರಿಂದ ತಂಗಿಯ ಮೈಯ ಸುದ್ದಿ ತಂಗಿಗಿಂತ ತನಗೆ ಹೆಚ್ಚು ಗೊತ್ತು ಎಂಬುದು ಅಕ್ಕನ ಲೆಕ್ಕ.

ಒಂದು ಸಂಜೆ ತಂಗಿ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಇನ್ನೊಂದು ಎಲ್ಲಿ ಕಳಚಿತೆಂದು ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲೋ, ಬೀದಿಯಲ್ಲೋ. ಅಂಗಾಲಲ್ಲಿ ಒಂದು ಗಾಜಿನ ಚೂರು ನೆಟ್ಟಿತ್ತು, ಅದೂ ಗೊತ್ತಿರಲಿಲ್ಲ.

“ಚಪ್ಪಲಿ ಕಾರ್ಖಾನೆಯೋಳ ಕಾಲಿಗೆ ಚಪ್ಪಲಿ ಇಲ್ಲ,” ಎಂದು ಅಕ್ಕ ನಕ್ಕಳು. “ಯಾವ ಲೋಕದಲ್ಲಿ ನಡೀತಿದ್ದೆ?”

“ಅಕ್ಕಾ, ಕಾಲು ಮರಗಟ್ಟಿದೆ ಕಣೆ. ಬೆರಳು ಇದ್ಯೋ ಇಲ್ವೋ ಗೊತ್ತಾಗಲ್ಲ. ಒಂಚೂರು ಚಿವುಟು ನೋಡು.”

“ಅಯ್ಯೋ, ಬಂದ್ಲಾ ನಿಮ್ಮ ಕಾಲು ಹಿಡಿಯೋಳು ಮನೇವರೆಗೂ? ಆಫೀಸಲ್ಲಿ ದಿನವಿಡೀ ಅದೇ ಕೇಳಿ ಬಂದಿದೀನಿ, ಇಲ್ಲೂ ಶುರು ಮಾಡ್ಬೇಡ.” ಅಕ್ಕ ಗಾಜನ್ನು ಕಿತ್ತಳು, ಬಟ್ಟೆ ಕಟ್ಟಿದಳು. ಚಿವುಟಲಿಲ್ಲ. ಗಾಜು ಕೀಳುವಾಗ ತಂಗಿ ‘ಸ್ಸ್’ ಎಂದು ಕೂಡ ಅನ್ನಲಿಲ್ಲವಲ್ಲ ಎಂಬುದು ಅವಳ ಬುದ್ಧಿವಂತ ತಲೆಗೆ ಹೊಳೆಯಲೂ ಇಲ್ಲ.

ಹನ್ನೊಂದು ಜನರ ಮಾತು ಮುಗಿಯಲು ಆರು ವಾರ ಹಿಡಿಯಿತು. ಹನ್ನೊಂದನೆಯವಳು ತಂಗಿ. ತಂಗಿಯ ಧ್ವನಿಮುದ್ರಣ ಕಿವಿಗೆ ಬಿದ್ದಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ‘ಮರಗಟ್ಟಿದೆ’ ಅಂದವಳು ಪ್ರೊಫೆಸರ ಮುಂದೆ ‘ತಣ್ಣಗಿನ ಕೈ ಬಂದು ಹಿಡ್ಕೊಂಡ ಹಾಗಾಗುತ್ತೆ’ ಅಂದಿದ್ದಳು. ಪ್ರೊಫೆಸರು ‘ಆ ಕೈ ಯಾರದ್ದು ಅನ್ನಿಸುತ್ತೆ?’ ಅಂದರು. ತಂಗಿ, ಹಿಂದೆ ಅಲ್ಲಿ ಕೆಲಸ ಮಾಡುತ್ತಿದ್ದು ಸತ್ತುಹೋದ ಒಬ್ಬಳ ಹೆಸರು ಹೇಳಿದಳು. ‘ಅವಳಿಗೆ ಏನು ಬೇಕಿರಬಹುದು?’ ‘ಗೊತ್ತಿಲ್ಲ ಸಾರ್.’ ‘ಧನ್ಯವಾದ.’ ಅಕ್ಕ ಕಾಲೆತ್ತಿದಳು.

ಅವತ್ತು ಸಂಜೆ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. “ನಂದು ಕೇಳಿದ್ಯಾ?”

“ಕೇಳ್ದೆ. ಟೈಪೂ ಆಯ್ತು.”

“ಪೂರ್ತಿನಾ?”

“ಪೂರ್ತಿ. ಚೆನ್ನಾಗೇ ಕಿವಿಗೆ ಹೂವಿಟ್ಟಿದ್ದೀಯ ಬಿಡು, ಪಾಪ, ಅವರು ಕುಣಿದಾಡ್ತಿದ್ದಾರೆ.”

ತಂಗಿ ಅವಳ ಮುಖವನ್ನೇ ನೋಡುತ್ತ ನಿಂತಳು. ಏನೋ ಬರುತ್ತದೆ ಎಂದು ಕಾದವಳ ಹಾಗೆ ನಿಂತು, ಬರಲಿಲ್ಲವಾಗಿ ಒಳಗೆ ಹೋದಳು. ಆಮೇಲಿನಿಂದ ಅವಳು ಕಾಲಿನ ಮಾತೇ ಎತ್ತಲಿಲ್ಲ. ಸದ್ಯ, ದೆವ್ವದ ಹುಚ್ಚು ಇಳಿಯಿತು ಎಂದು ಅಕ್ಕ ನೆಮ್ಮದಿಪಟ್ಟಳು.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಕೆಲಸಕ್ಕೆ ಹೊರಟ ತಂಗಿ ಮೆಟ್ಟಿಲ ತುದಿಯಲ್ಲಿ ಕಾಲಿಟ್ಟಳು. ಕಾಲು ಎಲ್ಲಿ ಬಿತ್ತೆಂದು ಗೊತ್ತಾಗದೆ ಹದಿಮೂರು ಮೆಟ್ಟಿಲು ಉರುಳಿದಳು. ಮೂಳೆ ಮುರಿಯಲಿಲ್ಲ. ಆದರೆ ಎತ್ತಿ ನಿಲ್ಲಿಸಿದರೆ ಪಾದಗಳು ಒದ್ದೆ ಬಟ್ಟೆಯ ಹಾಗೆ ಜೋಲುತ್ತಿದ್ದವು. ಆಸ್ಪತ್ರೆಯ ಡಾಕ್ಟರಮ್ಮ ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಹಿಂದೆ ಬಡಿದು ನೋಡಿದಳು. ಸೂಜಿಯ ಮೊನೆಯಲ್ಲಿ ಬೆರಳಿನಿಂದ ಮೇಲಕ್ಕೆ ಚುಚ್ಚುತ್ತ ಬಂದಳು. ಆಮೇಲೆ, ಅಕ್ಕನ ಹದಿನಾಲ್ಕು ವರ್ಷದಲ್ಲಿ ಯಾವ ಮುದ್ರಣದಲ್ಲೂ ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳಿದಳು.

“ಏನು ಕೆಲಸ ಮಾಡ್ತೀಯಮ್ಮ?”

“ಅಂಟು ಹಚ್ಚೋದು.”

“ಅಂಟು ತೆಳ್ಳಗೆ ಮಾಡೋಕೆ ತಿನ್ನರ್ ಬೆರೆಸ್ತಾರಾ? ಕಿಟಕಿ ಇದ್ಯಾ? ಎಷ್ಟು ಜನ ಕೂರ್ತೀರಾ? ಎಷ್ಟು ದಿನದಿಂದ?”

ಎಲ್ಲ ಸೇರಿ ಎರಡು ನಿಮಿಷ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುವಂತೆ ವಿಷಯ ಅಷ್ಟು ನಿಚ್ಚಳವಾಗಿತ್ತು. ತಿನ್ನರಿನ ಆವಿ ನರಗಳನ್ನು ತಿಂದಿದೆ, ಬೆರಳ ತುದಿಯಿಂದ ಶುರುವಾಗಿ ಮೇಲೇರುತ್ತಿದೆ. ಕೆಲಸ ಬಿಟ್ಟರೂ ಇನ್ನೆರಡು ಮೂರು ತಿಂಗಳು ಏರಬಹುದು, ಆಮೇಲೆ ನಿಧಾನವಾಗಿ ಇಳಿಯಬೇಕು. ಪೂರ್ತಿ ಇಳಿಯುತ್ತದೆಯೇ ಎಂದು ಈಗಲೇ ಹೇಳಲಾಗದು. “ಎರಡು ತಿಂಗಳು ಮುಂಚೆ ಬಂದಿದ್ರೆ ಧೈರ್ಯವಾಗಿ ಹೇಳ್ತಿದ್ದೆ,” ಅಂದಳು ಡಾಕ್ಟರಮ್ಮ. “ಅಲ್ಲಿ ಇನ್ನೂ ಹತ್ತು ಜನ ಕೂತಿದ್ದಾರಲ್ಲ, ಅವರದ್ದೇನು? ನಾನು ಒಬ್ಬಳ ಕಾಗದ ಕಳಿಸಿದ್ರೆ ಕಾರ್ಖಾನೆ ತನಿಖಾಧಿಕಾರಿ ಫೈಲಿಗೆ ಹಾಕ್ತಾನೆ. ಯಾರ್ಯಾರಿಗೆ ಏನಾಗಿದೆ, ಯಾವಾಗಿಂದ, ಅವರವರ ಮಾತಲ್ಲೇ ಬರೆದು ತನ್ನಿ. ಆಗ ಅಲ್ಲಾಡ್ತಾನೆ.”

“ಬರೆದಿದೆ,” ಅಂದಳು ಅಕ್ಕ. “ನಾನೇ ಟೈಪ್ ಮಾಡಿದೀನಿ. ಇನ್ನೂರ ಅರವತ್ತು ಪುಟ.”

ಮಧ್ಯಾಹ್ನವೇ ಆಫೀಸಿಗೆ ಓಡಿ ಅಷ್ಟೂ ಪುಟ ತಿರುವಿದಳು. ತಣ್ಣಗಿನ ಕೈ ಇತ್ತು. ಮೇಜಿನ ಕೆಳಗಿನ ನೆರಳಿತ್ತು. ಸತ್ತವಳ ಸೀರೆಯ ಬಣ್ಣವೂ ಇತ್ತು, ಅದೂ ಮೂರು ಜನರ ಬಾಯಲ್ಲಿ ಮೂರು ಬಣ್ಣ. ಕೆಮ್ಮು, ನಗು, ಮೌನ ಎಲ್ಲ ಗುರುತಾಗಿತ್ತು. ಅಂಟು ಎಂಬ ಪದವಿರಲಿಲ್ಲ. ತಿನ್ನರ್ ಇರಲಿಲ್ಲ. ಕಿಟಕಿ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಹೇಗೆ ಇದ್ದೀತು? ಇನ್ನೂರ ಅರವತ್ತು ಪುಟದ ಬೆಟ್ಟ ಅಗೆದರೂ ಇಲಿಯೂ ಸಿಕ್ಕಿರಲಿಲ್ಲ.

ಅವಳು ಹೆಡ್‌ಫೋನು ಹಾಕಿಕೊಂಡು ಮೊದಲನೆಯ ಮುದ್ರಣ ತೆಗೆದಳು. ‘ಧನ್ಯವಾದ’ ಅಂದರು ಪ್ರೊಫೆಸರು. ಅಭ್ಯಾಸಬಲದಿಂದ ಕಾಲು ಮೇಲೆದ್ದಿತು. ಮತ್ತೆ ಒತ್ತಿದಳು.

ಬಾಗಿಲಿನ ಸದ್ದು, ಹೆಜ್ಜೆಯ ಸದ್ದು. ಮುಂದಿನ ಸರದಿಗೆ ಬಂದವಳ ಜೊತೆ ಮೊದಲನೆಯವಳ ಮಾತು. “ಬೇಗ ಮುಗಿಸ್ಬೇಡ್ವೇ, ಇಲ್ಲಿ ಗಾಳಿಯಾದ್ರೂ ಇದೆ.” “ತಲೆನೋವು?” “ರಜೆ ದಿನ ಇರಲ್ಲ, ಕೆಲಸಕ್ಕೆ ಬಂದ ದಿನ ಹತ್ತು ಗಂಟೆಗೆಲ್ಲ ಶುರು.” ಎರಡನೆಯದರಲ್ಲಿ: “ಆ ನೀಲಿ ಮುಚ್ಚಳದ ತಿನ್ನರ್ ಡ್ರಮ್ಮು ಬಂದ ಮೇಲೆ ನೋಡು, ನಂಗೂ ಬೆರಳು ಜುಂ ಅನ್ನೋದು.” ನಾಲ್ಕನೆಯದರಲ್ಲಿ ಒಬ್ಬಳು ಅಳುತ್ತಿದ್ದಳು: ಕೂಸಿಗೆ ಸ್ನಾನ ಮಾಡಿಸುವಾಗ ನೀರು ಬಿಸಿಯೋ ತಣ್ಣಗೋ ಕೈಗೆ ಗೊತ್ತಾಗಲಿಲ್ಲವಂತೆ. ಆರನೆಯದು ಕತ್ತರಿ ಅಜ್ಜಿಯದು, ಅದೇ ಮೇಜಿನ ತುದಿಯಲ್ಲಿ ಕೂತು ಚರ್ಮದ ಅಂಚಿನ ದಾರವನ್ನೂ ಕತ್ತರಿಸುವ ಮುದುಕಿ. ಅವಳ ಗಂಟಲು ಗರಗಸದ್ದು. “ಕಿಟಕಿಗೆ ಮೊಳೆ ಹೊಡೆದೋನು ಮೇಸ್ತ್ರಿ. ಧೂಳು ಬಂದು ಅಂಟಿನ ಮೇಲೆ ಕೂತ್ರೆ ಅಟ್ಟೆ ಬಿಟ್ಕೊಳ್ಳುತ್ತಂತೆ. ದೆವ್ವ ಅಂತ ಮೊದ್ಲು ಬಾಯಿ ಬಿಟ್ಟೋನೂ ಅವನೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಬುದ್ಧಿ. ಈ ಸಾಹೇಬ್ರಿಗೆ ದೆವ್ವ ಬೇಕಿತ್ತು, ಕೊಟ್ವಿ. ನಮಗೆ ಕಿಟಕಿ ಬೇಕು, ಅದನ್ಯಾರು ಕೊಡ್ತಾರೆ?”

ಅಕ್ಕನಿಗೆ ಮೈಯೆಲ್ಲ ಉರಿಯಿತು. ಮೂರ್ಖರು ಎಂದುಕೊಂಡಿದ್ದಳಲ್ಲ, ಆ ಮೂರ್ಖರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವರು ತಿರುತಿರುಗಿ ಹೇಳಿದ್ದರು ಕೂಡ. ಆರು ವಾರ ಕಿವಿಯ ಪಕ್ಕದಲ್ಲೇ, ಒಂದು ಪೆಡಲಿನ ಆಚೆ.

ಹನ್ನೊಂದನೆಯದು. ‘ಧನ್ಯವಾದ.’ ಬಾಗಿಲಿನ ಸದ್ದು. ತಂಗಿಯ ಹಿಂದೆ ಯಾರ ಸರದಿಯೂ ಇರಲಿಲ್ಲ; ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಂತ್ರಕ್ಕೆ ಬಾಯಿ ಹತ್ತಿರ ತಂದ ಪಿಸುದನಿ.

“ಅಕ್ಕಾ… ಅವ್ರು ಕೈ ತೊಳೆಯೋಕೆ ಹೋಗಿದ್ದಾರೆ. ಕೆಂಪು ದೀಪ ಇನ್ನೂ ಉರೀತಿದೆ. ಇದನ್ನ ಟೈಪ್ ಮಾಡೋಳು ನೀನೇ ಅಲ್ವಾ, ಅದಕ್ಕೇ ಹೇಳ್ತಿದೀನಿ. ಮನೇಲಿ ಹೇಳಿದ್ರೆ ನಗ್ತೀಯ. ಇಲ್ಲಿ ಹೇಳಿದ್ರೆ ನೀನು ಕೇಳ್ಲೇಬೇಕು, ಕೆಲಸ ತಾನೆ. ದೆವ್ವ ಗಿವ್ವ ಏನಿಲ್ಲ ಕಣಕ್ಕ. ಕಾಲು ನಂದಲ್ಲ ಅನ್ನಿಸ್ತಿದೆ. ಹಿಮ್ಮಡಿ ದಾಟಿದೆ. ಆ ಹೊಸ ಡ್ರಮ್ಮಿಂದಾನೇ ಅಂತ ಎಲ್ರೂ ಅಂತಾರೆ. ನಿಮ್ಮ ಆಫೀಸಲ್ಲಿ ಓದಿದೋರು ಅಷ್ಟೊಂದು ಜನ ಇದ್ದಾರಲ್ಲ, ಯಾರನ್ನಾದ್ರೂ ಕೇಳು. ನಂಗೆ ಭಯ ಆಗ್ತಿದೆ. ಬಂದ್ರು, ಬಂದ್ರು.”

ಅಕ್ಕ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ‘ಪೂರ್ತಿನಾ?’ ಎಂದು ಕೇಳಿದ್ದಳು ತಂಗಿ. ‘ಪೂರ್ತಿ’ ಅಂದಿದ್ದಳು ಇವಳು. ಹಾಗಾದರೆ ಈ ಎರಡು ತಿಂಗಳು ಆ ಹುಡುಗಿ, ಅಕ್ಕ ಎಲ್ಲ ಕೇಳಿಸಿಕೊಂಡಳು, ಕೇಳಿಸಿಕೊಂಡೂ ಸುಮ್ಮನಿದ್ದಾಳೆ ಎಂದುಕೊಂಡು ದಿನಾ ಬೆಳಗ್ಗೆ ಎದ್ದು ಆ ಕೋಣೆಗೆ ಹೋಗಿದ್ದಳು. ಅಕ್ಕ ಅತ್ತಳು. ಬೀರುಗಳ ಸಂದಿಯಲ್ಲಿ ಯಾರಿಗೂ ಕಾಣದ ಹಾಗೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಪ್ರೊಫೆಸರನ್ನು ಬೈಯಲು ಹದಿನಾಲ್ಕು ವರ್ಷದಿಂದ ಕೂಡಿಟ್ಟ ಮಾತುಗಳೆಲ್ಲ ಈಗ ತನಗೇ ಅಳತೆ ಹಿಡಿದು ಹೊಲಿಸಿದ ಹಾಗೆ ಸರಿಹೊಂದುತ್ತಿದ್ದವು.

ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಹೇಳಿದಳು: “ನಾನು ಕೇಳಿರ್ಲಿಲ್ಲ ಕಣೆ. ಇವತ್ತು ಕೇಳ್ದೆ. ಅವರು ಧನ್ಯವಾದ ಅಂದ ಮೇಲೆ ಬರೋದನ್ನ ನಾವು ಕೇಳೋ ಹಾಗಿಲ್ಲ. ಅದು ಅಲ್ಲಿ ನಿಯಮ.”

ತಂಗಿ “ಮನೇಲೂ ಅದೇ ನಿಯಮಾನಾ?” ಅಂದಳು.

ಮರುದಿನ ಅಕ್ಕ ಪ್ರೊಫೆಸರ ಕೋಣೆಗೆ ಹೋದಳು. ಅವರು ಎಲ್ಲವನ್ನೂ ತಲೆ ಓರೆ ಮಾಡಿ ಕೇಳಿದರು. ‘ಹ್ಞೂಂ… ಆಮೇಲೆ?’ ಅಂದರು. ತಂಗಿಯ ಕಾಲಿಗೆ ನಿಜವಾಗಿಯೂ ಮರುಗಿದರು, ಕಣ್ಣಲ್ಲಿ ನೀರೂ ಬಂತು. ಅವರ ಕಣ್ಣಿಗೆ ನೀರು ಬರಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆದರೆ ಮುದ್ರಣ ಹೊರಗೆ ಕೊಡುವುದಕ್ಕೆ ಒಪ್ಪಲಿಲ್ಲ.

“ಅವರು ನಮ್ಮನ್ನ ನಂಬಿ ಒಂದು ಲೋಕವನ್ನ ತೆರೆದಿಟ್ಟಿದ್ದಾರೆ. ನಾವು ಹೋಗಿ, ನಿಮ್ಮ ಲೋಕ ಅದಲ್ಲ, ಒಂದು ಡ್ರಮ್ಮು ಅಂದ್ರೆ ಅದು ಹಿಂಸೆ ಅಲ್ವಾ?”

“ಡ್ರಮ್ಮು ಅಂದೋರು ಅವರೇ ಸಾರ್. ನಿಮ್ಮ ಯಂತ್ರದಲ್ಲೇ ಅಂದಿದ್ದಾರೆ.”

“ಅದು ಸಂದರ್ಶನದ ಆಚೆಗಿನ ಮಾತು.”

“ನನ್ನ ತಂಗಿ ಕಾಲು ಸಂದರ್ಶನದ ಒಳಗಿತ್ತಾ, ಆಚೆಗಿತ್ತಾ?”

ಪ್ರೊಫೆಸರು ಮೃದುವಾಗಿ ನಕ್ಕರು. “ನಿಮ್ಮ ಸಂಕಟ ಅರ್ಥ ಆಗುತ್ತೆ. ಸಂಕಟದಲ್ಲಿ ಮನುಷ್ಯನಿಗೆ ಒಂದು ಕಾರಣ ಬೇಕು. ಅವರಿಗೆ ದೆವ್ವ, ನಿಮಗೆ ತಿನ್ನರ್. ನಿಮ್ಮ ನಂಬಿಕೆಯನ್ನೂ ನಾನು ಅಷ್ಟೇ ಗೌರವಿಸ್ತೀನಿ.”

ಅಕ್ಕ ಅವರನ್ನು ನೋಡಿದಳು. ಈ ಮನುಷ್ಯನನ್ನು ಆ ಕೋಣೆಯಲ್ಲಿ ಕೂರಿಸಿದರೂ ಕಾಲು ಸತ್ತ ಮೇಲೆ ಅದರ ಅರ್ಥ ಬರೆಯುತ್ತಾನೆ ಅನ್ನಿಸಿತು. ಬಹುವಚನ ಅವಳ ಮನಸ್ಸಿನಲ್ಲಿ ಅವತ್ತಿಗೆ ಬಿಟ್ಟುಹೋಯಿತು.

ಅವಳು ಸಂದಿಗೆ ಮರಳಿ, ಧನ್ಯವಾದದ ನಂತರದ್ದನ್ನೆಲ್ಲ ಟೈಪು ಮಾಡಿದಳು. ಮೂವತ್ತೊಂದು ಪುಟವಾಯಿತು. ಆದರೆ ಅದನ್ನು ನೇರ ಡಾಕ್ಟರಮ್ಮನಿಗೆ ಒಯ್ಯಲಿಲ್ಲ. ಅದು ಪ್ರೊಫೆಸರ ಸೊತ್ತಲ್ಲ ಎಂದ ಮೇಲೆ ತನ್ನ ಸೊತ್ತೂ ಅಲ್ಲವಲ್ಲ. ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಗೇಟಿನ ಎದುರಿನ ಬಸ್ ನಿಲ್ದಾಣದಲ್ಲಿ ನಿಂತು, ಒಬ್ಬೊಬ್ಬಳಿಗೂ ಅವಳವಳ ಮಾತನ್ನು ಓದಿ ಹೇಳಿದಳು. ಹದಿನಾಲ್ಕು ವರ್ಷದಲ್ಲಿ ಟೈಪಾದದ್ದನ್ನು ಅದನ್ನಾಡಿದವರಿಗೇ ಓದಿದ್ದು ಅದೇ ಮೊದಲು. ಕೂಸಿನ ತಾಯಿ ಮೊದಲು ಸಹಿ ಮಾಡಿದಳು. ಇಬ್ಬರು ಹೆದರಿ ಹೋದರು, ಮರುದಿನ ತಾವೇ ಹುಡುಕಿಕೊಂಡು ಬಂದರು. ಕತ್ತರಿ ಅಜ್ಜಿ ಹೆಬ್ಬೆಟ್ಟು ಒತ್ತಿ, “ಯಾರೋ ಒಬ್ರಾದ್ರೂ ಯಂತ್ರ ಪೂರ್ತಿ ಕೇಳಿದ್ರಲ್ಲ,” ಅಂದಳು. ಅಕ್ಕನಿಗೆ ಆ ಹೊಗಳಿಕೆ ಕಪಾಳಕ್ಕೆ ಬಿದ್ದ ಹಾಗಾಯಿತು.

ಡಾಕ್ಟರಮ್ಮ ಅಷ್ಟನ್ನೂ ಕಳಿಸಿದ ಮೇಲೆ ತನಿಖಾಧಿಕಾರಿ ಅಲ್ಲಾಡಿದ. ಕಿಟಕಿಯ ಮೊಳೆಗಳು ಕಿತ್ತುಬಂದವು, ನೀಲಿ ಮುಚ್ಚಳದ ಡ್ರಮ್ಮು ಹೋಯಿತು, ನಾಲ್ವರನ್ನು ಅಂಟಿನ ಕೋಣೆಯಿಂದ ಬೇರೆ ಕಡೆಗೆ ಹಾಕಿದರು. ತಲೆನೋವು ಒಂದು ವಾರದಲ್ಲಿ ನಿಂತಿತು. ಮೇಸ್ತ್ರಿ ಈಗ ದೆವ್ವದ ಮಾತೆತ್ತುವುದಿಲ್ಲ, ಎತ್ತಿದರೆ ಹೆಂಗಸರು ನಗುತ್ತಾರೆ. ಪ್ರೊಫೆಸರು ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಅಧ್ಯಯನದ ಕ್ಷೇತ್ರ ಕೆಟ್ಟುಹೋಯಿತು ಎಂದು ಎರಡು ದಿನ ಊಟ ಬಿಟ್ಟವರು, ಮೂರನೆಯ ದಿನ ಮುಖ ಅರಳಿಸಿಕೊಂಡು ಬಂದರು. ಬರೆಯುತ್ತಿದ್ದ ಪುಸ್ತಕಕ್ಕೆ ಕೊನೆಯ ಅಧ್ಯಾಯ ಸಿಕ್ಕಿತ್ತು: ದೆವ್ವ ಹೇಗೆ ಹೋಯಿತು.

ಆ ಅಧ್ಯಾಯಕ್ಕಾಗಿ ಅವರು ಮನೆಗೇ ಬಂದರು. ಅಕ್ಕನಿಗೆ ಬಾಗಿಲು ಹಾಕಬೇಕೆನ್ನಿಸಿತು. “ಬರ್ಲಿ ಬಿಡು,” ಅಂದಳು ತಂಗಿ. ಅವಳು ಕಿಟಕಿಯ ಹತ್ತಿರ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪ್ರೊಫೆಸರು ಎಂದಿನಂತೆ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು ರೆಕಾರ್ಡರು ಇಟ್ಟರು. ಕೆಂಪು ದೀಪ ಹತ್ತಿತು.

“ಅವಳು ಹೋದದ್ದು ಹೇಗೆ?”

“ಕಿಟಕಿ ತೆಗೆದ್ರು, ಹೋದ್ಲು.”

“ಕಿಟಕಿಯಿಂದ…” ಪ್ರೊಫೆಸರ ದನಿ ತಗ್ಗಿತು. “ಅಂದ್ರೆ, ಮುಚ್ಚಿದ್ದನ್ನ ತೆರೆಯೋದೇ ಒಂದು ಬಿಡುಗಡೆಯ ವಿಧಿ. ಮೊಳೆ ಕಿತ್ತೋರು ಯಾರು? ಎಷ್ಟು ಮೊಳೆ?”

“ಒಂಬತ್ತು ಸಾರ್.”

“ಒಂಬತ್ತು!” ಅಂದು ಅವರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು. ಇನ್ನೂ ಅರ್ಧ ಗಂಟೆ ಕೇಳಿದರು. ಕಾಲು ಹೇಗಿದೆ ಎಂದು ಮಾತ್ರ ಕೇಳಲಿಲ್ಲ. ಕೊನೆಗೆ “ಧನ್ಯವಾದ” ಅಂದರು.

ತಂಗಿ ಮಂಚದಿಂದ ಬಗ್ಗಿ ಕೈ ಚಾಚಿ ರೆಕಾರ್ಡರಿನ ಗುಂಡಿ ಒತ್ತಿದಳು. ಕೆಂಪು ದೀಪ ಆರಿತು. ಅವರ ಬದುಕಿನಲ್ಲಿ ಯಾರೂ ಅವರ ಯಂತ್ರವನ್ನು ಹಾಗೆ ಆರಿಸಿರಲಿಲ್ಲ. ಅವರು ಗೋಡೆ ಹಿಡಿದು ಎದ್ದರು. ಅಕ್ಕ ಕೈ ಕೊಡಲಿಲ್ಲ. ಚಹಾವನ್ನೂ ಕೊಡಲಿಲ್ಲ.

ಮೆಟ್ಟಿಲಿನ ಮೇಲೆ ಅವರ ಸದ್ದು ನಿಂತ ಮೇಲೆ ತಂಗಿ ಕರೆದಳು. “ಅಕ್ಕಾ, ಮೊನ್ನೆ ಡಾಕ್ಟರಮ್ಮನ ಹತ್ರ ಬೆರಳಿಗೆ ಸ್ಪರ್ಶ ಬರ್ತಿದೆ ಅಂದೆನಲ್ಲ. ಅದು ಸುಳ್ಳು. ನಿನ್ನ ಮುಖ ನೋಡಿ ಹಾಗಂದೆ. ನೀನು ಎಷ್ಟು ಖುಷಿಪಟ್ಟೆ ಅಂದ್ರೆ, ಆಮೇಲೆ ಹೇಳೋಕಾಗ್ಲಿಲ್ಲ.”

ಅಕ್ಕ ಮಂಚದ ಮೇಲೆ ಕೂತು ತಂಗಿಯ ಪಾದಗಳನ್ನು ತೊಡೆಯ ಮೇಲೆಳೆದುಕೊಂಡಳು. ಎಡಗಾಲಿನ ಹೆಬ್ಬೆರಳನ್ನು ಚಿವುಟಿದಳು. “ಈಗ?”

“ಇಲ್ಲ.”

ಅಂಗಾಲು. “ಈಗ?”

“ಇಲ್ಲ.”

ಹಿಮ್ಮಡಿ. ಅದರ ಮೇಲೆ ನಾಲ್ಕು ಬೆರಳು. ಅದರ ಮೇಲೆ ಇನ್ನೊಂದು ಗೇಣು. ಪ್ರತಿ ಸಲವೂ ಅಕ್ಕ ಕೇಳಿದಳು, ಉತ್ತರ ಬರುವವರೆಗೆ ಕಾದಳು. ಮೊಣಕಾಲಿಗೆ ಮೂರು ಬೆರಳು ಕೆಳಗೆ ತಂಗಿ ಬೆಚ್ಚಿದಳು.

“ಹ್ಞಾ, ಇಲ್ಲಿ. ಇಲ್ಲಿಂದ ಮೇಲೆ ನಾನು.”

ಅಕ್ಕ ಪೆನ್ನು ತೆಗೆದುಕೊಂಡು, ನಾಳೆ ಡಾಕ್ಟರಮ್ಮನಿಗೆ ತೋರಿಸಲು ಅಲ್ಲೊಂದು ಗೆರೆ ಎಳೆದಳು. ಆಮೇಲೆ ಬಲಗಾಲನ್ನು ಹತ್ತಿರಕ್ಕೆಳೆದುಕೊಂಡು ಹೆಬ್ಬೆರಳಿನಿಂದ ಶುರು ಮಾಡಿದಳು.